ಹವ್ಯಾಸಿ ರೇಡಿಯೊ ಸಂಪರ್ಕದ ದಾಖಲೆಯೂ ಗಣಕಯಂತ್ರವೂ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಗಾದೆ. ಆಡಿದ ಮಾತನ್ನು ಮರಳಿ ಹಿಡಿಯಲಾಗದು. ಬರೆದಿಟ್ಟ ಮಾತನ್ನಾದರೋ ಬೇಕಾದಾಗ ತೆಗೆದು ನೋಡಬಹುದು. ಈ ಅರಿವಿನಿಂದಲೇ ವ್ಯವಹಾರದಲ್ಲಿ ಲೆಕ್ಕಪುಸ್ತಕವು ಹುಟ್ಟಿತು. ರಾಯಚೂರಿನ ಗಂಜಿನಲ್ಲಿ ಅಡತಿ ವ್ಯಾಪಾರ ನಡೆಸಿದ ಮನೆತನದವರಿಗೆ ಕಿರ್ದಿ ಮತ್ತು ಖಾತೆ ಎಂಬ ಎರಡು ಪುಸ್ತಕಗಳ ಭೇದವನ್ನು ಹೇಳಿಕೊಡಬೇಕಾಗಿಲ್ಲ. ವ್ಯವಹಾರ ನಡೆದ ದಿನ, ನಡೆದ ಕ್ರಮದಲ್ಲಿಯೇ, ಒಂದರ ಕೆಳಗೊಂದರಂತೆ ಬರೆಯುವುದು ಕಿರ್ದಿ. ಆ ಕಿರ್ದಿಯಿಂದ ಆಯ್ದು ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆಯಾಗಿ ಏರಿಸುವುದು ಖಾತೆ. ಖಾತೆಯಲ್ಲಿ ಸಂದೇಹ ಬಂದಾಗ ಕಿರ್ದಿಯನ್ನು ನೋಡುತ್ತಾರೆ. ಕಿರ್ದಿಯಲ್ಲಿ ಸಂದೇಹ ಬಂದರೆ ಮುಂದೆ ನೋಡುವುದಕ್ಕೆ ಬೇರೆ ಪುಸ್ತಕವಿಲ್ಲ.

ಹವ್ಯಾಸಿ ರೇಡಿಯೊ ನಡೆಸುವವರು ತಮ್ಮ ಸಂಪರ್ಕಗಳನ್ನು ಬರೆದಿಡುವ ‘ಲಾಗ್’ ಎಂಬ ದಿನಚರಿಗೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಈ ದಿನಚರಿಯನ್ನು ಇಂದು ಗಣಕಯಂತ್ರದ ತಂತ್ರಾಂಶದಲ್ಲಿ ಇಡುವ ಪದ್ಧತಿ ಬಂದಿದೆ. ಆ ತಂತ್ರಾಂಶದಿಂದ ಆಗುವ ಉಪಕಾರವೆಷ್ಟು, ಅದನ್ನು ನಂಬತಕ್ಕ ಮಿತಿಯೆಲ್ಲಿ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹವ್ಯಾಸಿ ರೇಡಿಯೊ

ಧನಾರ್ಜನೆಯ ಉದ್ದೇಶವಿಲ್ಲದೆ, ವಿದ್ಯೆಯ ಆಸಕ್ತಿಯಿಂದ, ಸರಕಾರದ ಪರವಾನಿಗೆ ಪಡೆದು ಸ್ವಂತ ರೇಡಿಯೊ ನಿಲಯವನ್ನು ನಡೆಸುವವರನ್ನು ಲೋಕವೆಲ್ಲ ‘ಹ್ಯಾಮ್’ ಎಂದು ಕರೆಯುತ್ತದೆ. ಆಕಾಶವಾಣಿಯಂತೆ ಒಬ್ಬರು ಹೇಳಿ ಬಹುಮಂದಿ ಕೇಳುವ ಪ್ರಸಾರ ಇದಲ್ಲ. ಒಂದು ನಿಲಯವು ಮತ್ತೊಂದು ನಿಲಯದೊಡನೆ ನಡೆಸುವ ಸಂಭಾಷಣೆ ಇದು. ಕರ್ನಾಟಕದಲ್ಲಿ ಈ ವಿದ್ಯೆ ಹೊಸದೇನೂ ಅಲ್ಲ. ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್ಬು 1959ರಲ್ಲಿಯೇ ಸ್ಥಾಪಿತವಾಯಿತು. ಪರವಾನಿಗೆಯನ್ನು ಕೊಡುವುದು ಕೇಂದ್ರ ಸರಕಾರ. ವಿದ್ಯುನ್ಮಾನ ಶಾಸ್ತ್ರದ ಮೂಲತತ್ತ್ವಗಳಲ್ಲಿಯೂ ರೇಡಿಯೊ ನಿಯಮಗಳಲ್ಲಿಯೂ ಪರೀಕ್ಷೆಯುಂಟು; ಮೇಲಿನ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆಯೂ ಸೇರಿ ಬಂದಿದೆ.

ಪರವಾನಿಗೆ ಪಡೆದವನ ಮೊದಲ ಕರ್ತವ್ಯಗಳಲ್ಲಿ ದಿನಚರಿಯ ಪಾಲನೆಯೂ ಒಂದು. 1978ರ ಭಾರತೀಯ ಹವ್ಯಾಸಿ ಸೇವಾ ನಿಯಮಗಳು ಈ ವಿಷಯದಲ್ಲಿ ಬಹು ಸ್ಪಷ್ಟವಾಗಿದ್ದವು. ದಿನಚರಿಯು ಬಿಡಿಹಾಳೆಗಳಲ್ಲಿ ಇರಕೂಡದು, ಹೊಲಿದ ಪುಸ್ತಕದಲ್ಲಿಯೇ ಇರಬೇಕು. ಸಂಪರ್ಕ ನಡೆದ ವೇಳೆಯಲ್ಲಿಯೇ, ಕಾಲಾನುಕ್ರಮವಾಗಿ, ನಡುವೆ ಜಾಗ ಬಿಡದೆ ಬರೆಯಬೇಕು. ಬರೆದದ್ದನ್ನು ಅಳಿಸಕೂಡದು, ಹಾಳೆಯನ್ನು ಹರಿಯಕೂಡದು. ಶಾನುಭೋಗರ ಕಾಲದ ಲೆಕ್ಕದ ಶಿಸ್ತನ್ನು ಬಲ್ಲವರಿಗೆ ಈ ವಿಧಿಗಳ ಮರ್ಮ ಒಡನೆಯೇ ತಿಳಿಯುತ್ತದೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದುಂಟು. ಆದುದರಿಂದ ಹೊಸಬರು ಪರವಾನಿಗೆ ಪಡೆಯುವಾಗ ಜಾರಿಯಲ್ಲಿರುವ ವಿಧಿಯನ್ನು ಕೇಳಿ ತಿಳಿಯುವುದು ಯುಕ್ತ. ವಿಧಿ ಹೇಗೇ ಇರಲಿ, ಅದರ ಹಿಂದಿನ ತತ್ತ್ವ ಮಾತ್ರ ಹಳೆಯದಾಗುವುದಿಲ್ಲ.

ಅಂಕಿತವೂ ಕರೆಸಂಕೇತವೂ

ದಿನಚರಿಯ ಒಂದು ಸಾಲಿನಲ್ಲಿ ಇರತಕ್ಕ ಅಂಶಗಳು ಇವು: ದಿನಾಂಕ, ವೇಳೆ, ಎದುರು ನಿಲಯದ ಕರೆಸಂಕೇತ, ಆವರ್ತನ, ಮಾತೋ ಮೋರ್ಸೋ ಎಂಬ ಸಂವಹನದ ರೀತಿ, ಕೇಳಿಸಿದ ಧ್ವನಿಯ ಸ್ಪಷ್ಟತೆ ಮತ್ತು ಬಲ, ಎದುರಿನವರ ಹೆಸರು, ಊರು, ಕೊನೆಗೆ ಷರಾ. ಇವುಗಳಲ್ಲಿ ಕರೆಸಂಕೇತವೇ ಪ್ರಾಣಭೂತವಾದದ್ದು. ಭಾರತದ ಹವ್ಯಾಸಿಗಳ ಸಂಕೇತಗಳು ಸಾಮಾನ್ಯವಾಗಿ ‘ವಿಯು2’ ಅಥವಾ ‘ವಿಯು3’ ಎಂದು ಮೊದಲಾಗುತ್ತವೆ. ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ‘ವಿಯು4’, ಲಕ್ಷದ್ವೀಪಕ್ಕೆ ‘ವಿಯು7’. ಮುಂದಿನ ಅಕ್ಷರಗಳು ಆಯಾ ನಿಲಯಕ್ಕೆ ಮಾತ್ರ ಸಲ್ಲತಕ್ಕವು. ಒಂದು ಸಂಕೇತವನ್ನು ಧರಿಸಿದ ನಿಲಯ ಜಗತ್ತಿನಲ್ಲಿ ಒಂದೇ.

ಕನ್ನಡ ಸಾಹಿತ್ಯವನ್ನು ಓದಿದವರಿಗೆ ಇದು ವಚನಕಾರರ ಮತ್ತು ದಾಸರ ಅಂಕಿತವನ್ನು ನೆನಪಿಗೆ ತರುತ್ತದೆ. ರಾಯಚೂರು ಸೀಮೆಯಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನಗಳುಂಟು. ಆಯ್ದಕ್ಕಿ ಮಾರಯ್ಯನ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಆತನ ಪತ್ನಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪ್ರತಿ ಮಾಡುವ ಲಿಪಿಕಾರನು ಅಜಾಗ್ರತೆಯಿಂದ ‘ಮಾರಯ್ಯಪ್ರಿಯ’ ಎಂಬ ಒಂದು ಪದವನ್ನು ಬಿಟ್ಟನೆಂದರೆ ಲಕ್ಕಮ್ಮನ ಮಾತು ಮಾರಯ್ಯನ ಖಾತೆಗೆ ಸೇರಿಹೋಗುತ್ತದೆ. ಹಾಗೆಯೇ ಮಾನ್ವಿಯ ಜಗನ್ನಾಥದಾಸರ ‘ಜಗನ್ನಾಥ ವಿಠಲ’, ಮೊಸರಕಲ್ಲಿನ ಗೋಪಾಲದಾಸರ ‘ಗೋಪಾಲ ವಿಠಲ’, ಚೀಕಲಪರ್ವಿಯ ವಿಜಯದಾಸರ ‘ವಿಜಯ ವಿಠಲ’ ಎಂಬ ಅಂಕಿತಗಳಲ್ಲಿ ಉತ್ತರಪದ ಒಂದೇ, ವ್ಯಕ್ತಿಯನ್ನು ಗುರುತಿಸುವುದು ಪೂರ್ವಪದ.

ಕರೆಸಂಕೇತದಲ್ಲಿಯೂ ಒಂದಕ್ಷರ ತಪ್ಪಿದರೆ ಆ ಸಂಪರ್ಕ ಮತ್ತೊಬ್ಬರ ಹೆಸರಿಗೆ ಹೋಗುತ್ತದೆ. ಗದ್ದಲದ ನಡುವೆ ಬಿ, ಡಿ, ಪಿ, ಟಿ ಎಂಬ ಇಂಗ್ಲಿಷ್ ಅಕ್ಷರಗಳು ಕಿವಿಗೆ ಒಂದೇ ತೆರನಾಗಿ ಕೇಳಿಸುವುದರಿಂದಲೇ ಬ್ರಾವೊ, ಡೆಲ್ಟಾ, ಪಾಪಾ, ಟ್ಯಾಂಗೊ ಎಂದು ಪೂರ್ಣ ಪದಗಳಲ್ಲಿ ಅವನ್ನು ಹೇಳುವ ಸಂಪ್ರದಾಯ ಬಂದಿದೆ. ತಂತ್ರಾಂಶವು ಬೆರಳಚ್ಚಿಸಿದ ಸಂಕೇತವನ್ನು ನೋಡಿ ದೇಶವನ್ನು ಹೇಳಬಲ್ಲುದು, ಹಿಂದೆ ಎಷ್ಟು ಸಲ ಮಾತನಾಡಿದೆ ಎಂದು ತಿಳಿಸಬಲ್ಲುದು. ಆದರೆ ಕಿವಿ ತಪ್ಪಾಗಿ ಕೇಳಿದ್ದನ್ನು ಸರಿಯಾಗಿ ಕೇಳಲಾರದು.

ತಂತ್ರಾಂಶದ ಉಪಕಾರ

ಸಂಪರ್ಕದ ದಾಖಲೆಗಾಗಿಯೇ ರಚಿತವಾದ ತಂತ್ರಾಂಶಗಳು ಅನೇಕ. ವಿಂಡೋಸ್ ವ್ಯವಸ್ಥೆಯಲ್ಲಿ ‘ಲಾಗರ್32’, ಲಿನಕ್ಸ್ ವ್ಯವಸ್ಥೆಯಲ್ಲಿ ‘ಸಿಕ್ಯುಆರ್‌ಲಾಗ್’, ಸ್ಪರ್ಧೆಗಳಿಗೆ ‘ಎನ್1ಎಂಎಂ’ ಮೊದಲಾದವು ಪ್ರಸಿದ್ಧವಾಗಿವೆ; ಈ ಮೂರೂ ಹಣ ತೆರದೆ ದೊರೆಯತಕ್ಕವು. ಇವುಗಳ ನಡೆ ಹೆಚ್ಚು ಕಡಿಮೆ ಒಂದೇ. ಕರೆಸಂಕೇತವನ್ನು ಬೆರಳಚ್ಚಿಸಿದೊಡನೆ ದಿನಾಂಕವನ್ನೂ ವೇಳೆಯನ್ನೂ ಯಂತ್ರವೇ ತನ್ನ ಗಡಿಯಾರದಿಂದ ತುಂಬುತ್ತದೆ. ರೇಡಿಯೊವನ್ನು ತಂತಿಯ ಮೂಲಕ ಗಣಕಕ್ಕೆ ಜೋಡಿಸಿದ್ದರೆ ಆವರ್ತನವೂ ತಾನಾಗಿ ಬಂದು ಕೂಡುತ್ತದೆ. ಎದುರು ನಿಲಯದ ದಿಕ್ಕು, ದೂರ, ಹಿಂದಿನ ಸಂಪರ್ಕಗಳು ತೆರೆಯ ಮೇಲೆ ಮೂಡುತ್ತವೆ. ಹೆಸರು, ಊರು, ಷರಾ ತುಂಬಿ ಒಂದು ಕೀಲಿಯನ್ನೊತ್ತಿದರೆ ಸಾಲು ಭದ್ರವಾಗುತ್ತದೆ.

ಯಂತ್ರದ ನಿಜವಾದ ಶಕ್ತಿ ಕಾಣುವುದು ಅನಂತರ. ಹತ್ತು ವರ್ಷಗಳ ದಿನಚರಿಯಲ್ಲಿ ಮಾನ್ವಿಯೊಡನೆ ನಡೆದ ಸಂಪರ್ಕಗಳನ್ನೆಲ್ಲ ಆಯ್ದು ಕೊಡೆಂದರೆ ಹಾಳೆ ತಿರುವುವವನಿಗೆ ಹಲವು ದಿನಗಳ ಕೆಲಸ. ಗಣಕಕ್ಕೆ ಕ್ಷಣದ ಕೆಲಸ. ಅಂದರೆ ಕಿರ್ದಿಯಿಂದ ಖಾತೆಯನ್ನು ಎತ್ತುವುದರಲ್ಲಿ ಅದಕ್ಕೆ ಸಮಾನರಿಲ್ಲ. ಆದರೆ ಇಲ್ಲಿಯೂ ಒಂದು ಎಚ್ಚರ ಅವಶ್ಯ. ಮಾನ್ವಿಯನ್ನು ಇಂಗ್ಲಿಷ್ ಲಿಪಿಯಲ್ಲಿ ‘ಮಾನವಿ’ ಎಂದು ಓದುವಂತೆ ಬರೆಯುವವರೂ ಉಂಟು. ದೇವದುರ್ಗವು ಹಳೆಯ ಕಾಗದಪತ್ರಗಳಲ್ಲಿ ‘ದೇವದುರ್ಗ್’ ಎಂದೂ ‘ದೇವ್‌ದುರ್ಗ್’ ಎಂದೂ ಕಾಣಿಸುತ್ತದೆ. ಓದುವವನಿಗೆ ಇವೆಲ್ಲ ಒಂದೇ ಊರು. ಯಂತ್ರಕ್ಕೆ ಒಂದೊಂದು ಕಾಗುಣಿತವೂ ಒಂದೊಂದು ಊರು. ಆದುದರಿಂದ ಪ್ರತಿ ಊರಿಗೂ ಒಂದೇ ಕಾಗುಣಿತವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸ್ಥಳವನ್ನು ಹೆಚ್ಚು ಖಚಿತವಾಗಿ ಹೇಳಲು ಹವ್ಯಾಸಿಗಳು ಭೂಮಂಡಲವನ್ನು ಚೌಕಗಳನ್ನಾಗಿ ಭಾಗಿಸಿದ ‘ಮೇಡನ್‌ಹೆಡ್’ ಪದ್ಧತಿಯನ್ನು ಬಳಸುತ್ತಾರೆ. ಇದರಲ್ಲಿ ಒಂದೊಂದು ಚೌಕವು ರೇಖಾಂಶದಲ್ಲಿ 2 ಡಿಗ್ರಿ, ಅಕ್ಷಾಂಶದಲ್ಲಿ 1 ಡಿಗ್ರಿ. ರಾಯಚೂರು ಮತ್ತು ದೇವದುರ್ಗಗಳು ‘ಎಂಕೆ86’ ಎಂಬ ಚೌಕದಲ್ಲಿ ಬರುತ್ತವೆ. ಮಾನ್ವಿ ಪಟ್ಟಣವಾದರೋ 16ನೆಯ ಅಕ್ಷಾಂಶ ರೇಖೆಯ ಅಂಚಿನಲ್ಲಿದೆ. ಆ ರೇಖೆಯ ದಕ್ಷಿಣಕ್ಕೆ ‘ಎಂಕೆ85’ ಮೊದಲಾಗುತ್ತದೆ. ಒಂದೇ ಜಿಲ್ಲೆಯೆಂದು ಊಹಿಸಿ ತುಂಬಿದರೆ ತಪ್ಪಾಗುವ ಸಂಭವವುಂಟು; ನಕ್ಷೆಯನ್ನು ನೋಡಿಯೇ ತುಂಬತಕ್ಕದ್ದು.

ಕಾಲದ ಲೆಕ್ಕ

ದೇಶದೇಶಗಳ ಗಡಿಯಾರಗಳು ಬೇರೆ ಬೇರೆಯಾದ್ದರಿಂದ ಹವ್ಯಾಸಿಗಳು ದಿನಚರಿಯಲ್ಲಿ ‘ಯುಟಿಸಿ’ ಎಂಬ ಜಾಗತಿಕ ಕಾಲವನ್ನು ಬಳಸುವುದು ರೂಢಿ. ಭಾರತೀಯ ಕಾಲವು ಇದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ರಾಯಚೂರಿನಲ್ಲಿ ಆಗಸ್ಟ್ 15ರ ಬೆಳಗಿನ ಜಾವ 4 ಗಂಟೆ 10 ನಿಮಿಷಕ್ಕೆ ನಡೆದ ಸಂಪರ್ಕವನ್ನು ಆಗಸ್ಟ್ 14, 22 ಗಂಟೆ 40 ನಿಮಿಷ ಎಂದು ಬರೆಯಬೇಕು. ವೇಳೆಯೊಡನೆ ದಿನಾಂಕವೂ ಹಿಂದಕ್ಕೆ ಸರಿಯುವುದನ್ನು ಹೊಸಬರು ಮರೆಯುವುದೇ ಹೆಚ್ಚು.

ಈ ತಪ್ಪಿನ ಫಲ ಎಲ್ಲಿ ಕಾಣುತ್ತದೆಂಬುದನ್ನೂ ಹೇಳಬೇಕು. ಹಿಂದೆ ಸಂಪರ್ಕವನ್ನು ದೃಢಪಡಿಸಲು ಉಭಯರೂ ‘ಕ್ಯುಎಸ್‌ಎಲ್’ ಎಂಬ ಕಾರ್ಡನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಈಗಲೂ ಆ ಸಂಪ್ರದಾಯ ಉಳಿದಿದೆ. ಅದರ ಜೊತೆಗೆ ಅಮೆರಿಕದ ಹವ್ಯಾಸಿಗಳ ಸಂಸ್ಥೆಯಾದ ಎಆರ್‌ಆರ್‌ಎಲ್ 2003ರಲ್ಲಿ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಇಬ್ಬರೂ ತಮ್ಮ ತಮ್ಮ ದಿನಚರಿಯನ್ನು ಅಲ್ಲಿಗೆ ಸಲ್ಲಿಸುತ್ತಾರೆ. ಎರಡರಲ್ಲಿಯೂ ಕರೆಸಂಕೇತ, ಆವರ್ತನದ ಪಟ್ಟಿ, ರೀತಿ ಹೊಂದಿ, ವೇಳೆಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ ಮಾತ್ರ ಸಂಪರ್ಕ ಸಿದ್ಧವಾಯಿತೆಂದು ಗಣನೆ. ಕೊಟ್ಟವನ ಪುಸ್ತಕವೂ ಕೊಂಡವನ ಪುಸ್ತಕವೂ ತಾಳೆಯಾದಾಗ ಮಾತ್ರ ಲೆಕ್ಕ ಚುಕ್ತಾ ಆಗುವಂತೆ ಇದು. ಭಾರತೀಯ ಕಾಲವನ್ನು ಯುಟಿಸಿ ಎಂದು ಬರೆದವನ ಸಾಲು ಐದೂವರೆ ಗಂಟೆ ದೂರ ನಿಂತು ಎಂದಿಗೂ ತಾಳೆಯಾಗದು.

2017ರಲ್ಲಿ ಬಳಕೆಗೆ ಬಂದ ‘ಎಫ್‌ಟಿ8’ ಎಂಬ ಗಣಕಾಧಾರಿತ ರೀತಿಯಲ್ಲಿ ಕಾಲವು ಇನ್ನೂ ಸೂಕ್ಷ್ಮವಾದುದು. 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದ ಜೋಸೆಫ್ ಟೇಲರ್ ಅವರು ಇದನ್ನು ರೂಪಿಸಿದವರಲ್ಲಿ ಒಬ್ಬರು. ಇದರಲ್ಲಿ 15 ಸೆಕೆಂಡುಗಳಿಗೆ ಒಂದು ಸರದಿ. ಗಣಕದ ಗಡಿಯಾರ ಒಂದೆರಡು ಸೆಕೆಂಡುಗಳಿಗಿಂತ ಹೆಚ್ಚು ತಪ್ಪಿದರೆ ಸಂಪರ್ಕವೇ ಆಗುವುದಿಲ್ಲ.

ಯಂತ್ರ ತಾನಾಗಿ ತುಂಬುವ ದೋಷ

ಬರೆಯುವ ಶ್ರಮವನ್ನು ಉಳಿಸುವ ಯಂತ್ರವು ನೋಡುವ ಶ್ರಮವನ್ನೂ ಉಳಿಸಿಬಿಟ್ಟರೆ ಅನರ್ಥ. ರೇಡಿಯೊಗೂ ಗಣಕಕ್ಕೂ ತಂತಿಯ ಜೋಡಣೆ ಇಲ್ಲದಿದ್ದಲ್ಲಿ ಹಿಂದಿನ ಸಂಪರ್ಕದ ಆವರ್ತನವೇ ಮುಂದಿನ ಸಾಲಿಗೂ ಇಳಿಯುತ್ತದೆ. ಬದಲಿಸಲು ಮರೆತವನ ದಿನಚರಿಯಲ್ಲಿ ಇಡೀ ರಾತ್ರಿಯ ಸಂಪರ್ಕಗಳು ಆಗದಿದ್ದ ಆವರ್ತನದಲ್ಲಿ ಆದಂತೆ ಕಾಣುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ದೋಷ ಧ್ವನಿಯ ವರದಿಯಲ್ಲಿದೆ. ಸ್ಪಷ್ಟತೆಗೆ 1ರಿಂದ 5, ಬಲಕ್ಕೆ 1ರಿಂದ 9 ಅಂಕಗಳು, ಅತ್ಯುತ್ತಮವಾದರೆ ‘59’. ಸ್ಪರ್ಧೆಯ ತಂತ್ರಾಂಶಗಳು ಈ ‘59’ನ್ನು ಮೊದಲೇ ತುಂಬಿಟ್ಟಿರುತ್ತವೆ. ಸ್ಪರ್ಧೆಯ ಆತುರದಲ್ಲಿ ಅದನ್ನು ಯಾರೂ ಬದಲಿಸುವುದಿಲ್ಲ. ಕ್ರಮೇಣ ಸ್ಪರ್ಧೆಯಲ್ಲದ ವೇಳೆಯಲ್ಲಿಯೂ ಎಲ್ಲರಿಗೂ ‘59’ ಎಂಬುದೇ ವಾಡಿಕೆಯಾಗುತ್ತದೆ. ‘ಹೆಸರು ಕೇಳಿಸಲಿಲ್ಲ, ಮತ್ತೆ ಹೇಳಿ’ ಎಂದು ಮೂರು ಸಲ ಕೇಳಿದವರೇ ಕೊನೆಗೆ ‘59’ ಎಂದು ಬರೆಯುವುದುಂಟು. ತರಗತಿಯ ಮಕ್ಕಳೆಲ್ಲರಿಗೂ ನೂರಕ್ಕೆ ನೂರು ಅಂಕ ಕೊಟ್ಟ ಉಪಾಧ್ಯಾಯನ ಅಂಕಪಟ್ಟಿಯಂತೆ ಅದು ಅಂದವಾಗಿರುತ್ತದೆ, ಪ್ರಯೋಜನಕ್ಕೆ ಬಾರದು.

ನೆರೆಯ ದಿನದ ಪರೀಕ್ಷೆ

ಇಷ್ಟು ನಿಷ್ಠುರತೆ ಒಂದು ಹವ್ಯಾಸಕ್ಕೆ ಬೇಕೆ ಎಂದು ಕೇಳಬಹುದು. ಉತ್ತರವು ವಿಪತ್ಕಾಲದಲ್ಲಿದೆ. 2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವೊಂದು ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರಿಗೆ ಹೋಗಿತ್ತು. ಅಪೂರ್ವವಾದ ‘ವಿಯು4’ ಸಂಕೇತದಿಂದ ಜಗತ್ತಿನ ಹವ್ಯಾಸಿಗಳೊಡನೆ ಸಂಪರ್ಕ ಸಾಧಿಸುವುದು ಅವರ ಉದ್ದೇಶ. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ದೂರವಾಣಿ ಕೆಟ್ಟಾಗ, ಅದೇ ನಿಲಯ ಸಂಕಟದ ಸಂದೇಶಗಳ ದ್ವಾರವಾಯಿತು. ನಿನ್ನೆಯವರೆಗೆ ವಿನೋದದ ಲೆಕ್ಕ ಬರೆದ ಕೈಗಳು ಅಂದು ಬದುಕಿದವರ ವಾರ್ತೆಯನ್ನು ಬರೆಯಬೇಕಾಯಿತು.

ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಗೆ ನೆರೆ ಅಪರಿಚಿತವಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಆರಂಭದಲ್ಲಿಯೂ ಸುರಿದ ಮಳೆಗೆ ಎರಡೂ ನದಿಗಳು ಉಕ್ಕಿ ಊರುಗಳು ಜಲಾವೃತವಾದವು. 2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಮುಳುಗಿ ಶಹಾಪುರದ ಕಡೆಯ ಸಂಚಾರ ನಿಂತುಹೋಯಿತು. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲಾ, ಕುರ್ವಕುರ್ದಾಗಳ ಜನರಿಗೆ ಹೊಳೆ ತುಂಬಿದಾಗ ದಡ ಸೇರುವುದೇ ದುಸ್ತರ.

ಇಂಥ ಒಂದು ದಿನವನ್ನು ಕಲ್ಪಿಸಿಕೊಳ್ಳುವುದು ಉಚಿತ. ದೂರವಾಣಿ ಕೆಟ್ಟಿದೆ, ಹೊಳೆದಂಡೆಯ ಹವ್ಯಾಸಿಯೊಬ್ಬನು ದೇವದುರ್ಗಕ್ಕೆ, ದೇವದುರ್ಗದವನು ರಾಯಚೂರಿಗೆ ಸಂದೇಶ ಮುಟ್ಟಿಸುತ್ತಿದ್ದಾರೆ. ದಂಡೆಯಿಂದ ‘ನೂರು ಮಂದಿ ಸಿಕ್ಕಿಕೊಂಡಿದ್ದಾರೆ’ ಎಂದು ಹೊರಟ ಮಾತು ರಾಯಚೂರಿಗೆ ‘ಮೂರು ಮಂದಿ’ ಎಂದು ಮುಟ್ಟುತ್ತದೆ. ಒಂದು ದೋಣಿ ಹೋಗುತ್ತದೆ. ಉಳಿದವರು ಕತ್ತಲಲ್ಲಿ ಕಾಯುತ್ತಾರೆ. ಮಾತು ಎಲ್ಲಿ ಬದಲಾಯಿತು? ಮೂವರ ದಿನಚರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅದು ಒಡನೆ ತಿಳಿಯುತ್ತದೆ. ಹಾಗೆಯೇ, ಕೇಳಿಸಿದ ಧ್ವನಿಗೆ ‘59’ ಎಂದು ಬರೆಯದೆ ‘32’ ಎಂದು ನಿಜವಾಗಿ ಬರೆದವನು, ಸಂಖ್ಯೆಯನ್ನು ‘ಒಂದು, ಸೊನ್ನೆ, ಸೊನ್ನೆ’ ಎಂದು ಬಿಡಿಸಿ ಹೇಳಿಸಿಕೊಳ್ಳಬೇಕೆಂಬ ಎಚ್ಚರವನ್ನೂ ಅಲ್ಲಿಯೇ ಪಡೆಯುತ್ತಿದ್ದನು.

ಆದರೆ ತಪ್ಪು ತಿಳಿದೊಡನೆ ನಡುವಿನವನು ಗಣಕವನ್ನು ತೆರೆದು ‘ಮೂರು’ ಎಂದಿದ್ದ ಕಡೆ ‘ನೂರು’ ಎಂದು ತಿದ್ದಿ ಕೀಲಿಯೊತ್ತಿದರೆ? ತೆರೆಯ ಮೇಲೆ ಗಾಯದ ಗುರುತಿಲ್ಲ. ಹೊಲಿದ ಪುಸ್ತಕದಲ್ಲಿ ಹೊಡೆದುಹಾಕಿದ ಗೆರೆಯ ಕೆಳಗೆ ಹಳೆಯ ಅಕ್ಷರ ಉಳಿಯುತ್ತದೆ. ಸಾಮಾನ್ಯ ತಂತ್ರಾಂಶದ ಸಾಲಿನಲ್ಲಿ ಹಳೆಯದು ಇಲ್ಲವೇ ಇಲ್ಲವೆಂಬಂತೆ ಮರೆಯಾಗುತ್ತದೆ. ಅಂದಿನ ಮಾನ ಉಳಿಯಬಹುದು. ಮುಂದಿನ ನೆರೆಯಲ್ಲಿ ಅದೇ ತಪ್ಪು ಮರುಕಳಿಸದಂತೆ ತಡೆಯುವ ಸಾಧನ ಮಾತ್ರ ನಾಶವಾಯಿತು. 1978ರ ನಿಯಮಗಳು ಅಳಿಸುವುದನ್ನು ನಿಷೇಧಿಸಿದ್ದುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಅನುಸರಿಸತಕ್ಕ ಕ್ರಮ

ಈ ಎಲ್ಲ ವಿಚಾರದಿಂದ ಫಲಿಸುವ ಕ್ರಮ ಸರಳವಾದುದು. ಹೊಲಿದ ಪುಸ್ತಕವೇ ಕಿರ್ದಿ. ಗಣಕದ ದಾಖಲೆ ಖಾತೆ. ಸಂಪರ್ಕದ ವೇಳೆ ಪುಸ್ತಕದಲ್ಲಿ ಮಸಿಯಿಂದ ಬರೆದು, ಅದೇ ದಿನ ಗಣಕಕ್ಕೆ ಏರಿಸುವುದು. ವೇಗದ ಸಂಪರ್ಕಗಳಲ್ಲಿ ನೇರವಾಗಿ ಗಣಕದಲ್ಲಿಯೇ ತುಂಬಬೇಕಾಗಿ ಬಂದರೂ, ವಿಪತ್ತಿನ ಸಂದೇಶಗಳನ್ನಂತೂ ಪುಸ್ತಕದಲ್ಲಿಯೇ ಮೊದಲು ಬರೆಯುವುದು. ತಪ್ಪು ಕಂಡರೆ ಹಳೆಯ ಸಾಲನ್ನು ಮುಟ್ಟದೆ, ಯಾವಾಗ, ಏಕೆ ತಿದ್ದಲಾಯಿತೆಂಬುದನ್ನು ಷರಾದಲ್ಲಿ ಸೇರಿಸುವುದು.

ಎರಡನೆಯದು, ದಾಖಲೆಯ ರಕ್ಷಣೆ. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಒಂದರ ದಾಖಲೆ ಇನ್ನೊಂದಕ್ಕೆ ಸಲ್ಲಬೇಕೆಂದು 1996ರಲ್ಲಿ ‘ಎಡಿಐಎಫ್’ ಎಂಬ ಸಾಮಾನ್ಯ ರೂಪವನ್ನು ಹವ್ಯಾಸಿಗಳು ಏರ್ಪಡಿಸಿಕೊಂಡರು. ಅಂಶದ ಹೆಸರು, ಅದರ ಅಕ್ಷರಗಳ ಸಂಖ್ಯೆ, ಅನಂತರ ಅಂಶ ಎಂಬ ಕ್ರಮದಲ್ಲಿ ಸಾದಾ ಅಕ್ಷರಗಳಲ್ಲಿಯೇ ಬರೆದ ಕಡತವಿದು. ಯಾವ ಗಣಕದಲ್ಲಿಯಾದರೂ ತೆರೆದು ಓದಬಹುದು. ತಿಂಗಳಿಗೊಮ್ಮೆ ಇದರ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಬೇರೆ ಊರಿನಲ್ಲಿಡುವುದು ಲೇಸು. ಆದರೆ ಇದರ ಸಾಮಾನ್ಯ ಬಗೆಯಾದ ‘ಎಡಿಐ’ ಕಡತವು ಇಂಗ್ಲಿಷ್ ಲಿಪಿಯ ಆಸ್ಕಿ ಅಕ್ಷರಗಳಿಗೆ ಸೀಮಿತ. ಕನ್ನಡವನ್ನು ಧರಿಸಬಲ್ಲದ್ದು ‘ಎಡಿಎಕ್ಸ್’ ಎಂಬ ಇನ್ನೊಂದು ಬಗೆ. ಹೊಳೆದಂಡೆಯವನು ಕನ್ನಡದಲ್ಲಿ ಹೇಳಿದ ಮಾತನ್ನು ಅವನ ಮಾತಿನಲ್ಲಿಯೇ ಉಳಿಸುವುದಕ್ಕೆ ಹೊಲಿದ ಪುಸ್ತಕದಷ್ಟು ನಿರಾತಂಕವಾದ ಸ್ಥಳ ಬೇರೊಂದಿಲ್ಲ. ಶಕ್ತಿನಗರದ ವಿದ್ಯುತ್ ಕೇಂದ್ರವು 1985ರಿಂದ ಜಿಲ್ಲೆಯಲ್ಲಿಯೇ ಇದ್ದರೂ, ಗಾಳಿಮಳೆಗೆ ಕಂಬ ಬಿದ್ದ ರಾತ್ರಿ ಗಣಕವು ಕುರುಡಾಗುತ್ತದೆ. ಪುಸ್ತಕಕ್ಕೆ ಒಂದು ಕಂದೀಲು ಸಾಕು.

ಮೂರನೆಯದು, ಅಭ್ಯಾಸ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಹವ್ಯಾಸಿ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶ ಬಂದಿದೆ. ಪರವಾನಿಗೆಗೆ ಮುಂಚೆಯೇ ಶಾಲೆಯಲ್ಲಿ ಈ ಶಿಸ್ತನ್ನು ಕಲಿಸಬಹುದು. ಪ್ರತಿದಿನ ಆಕಾಶವಾಣಿಯ ಒಂದು ಪ್ರಸಾರವನ್ನು ಕೇಳಿಸಿ, ದಿನಾಂಕ, ಭಾರತೀಯ ಕಾಲ, ಯುಟಿಸಿ, ಕೇಳಿಸಿದ ಸ್ಪಷ್ಟತೆ, ವಿಷಯ ಎಂಬ ಐದು ಅಂಶಗಳನ್ನು ಇಬ್ಬರು ಮಕ್ಕಳಿಂದ ಬೇರೆ ಬೇರೆಯಾಗಿ ಬರೆಸುವುದು. ವಾರದ ಕೊನೆಗೆ ಎರಡನ್ನೂ ತಾಳೆ ನೋಡಿ, ಗಣಕಕ್ಕೆ ಏರಿಸುವುದು. ತಾಳೆಯಾಗದ ಸಾಲಿಗೆ ಅಂಕ ಕಳೆಯಬಾರದು. ತಿದ್ದಿ ಮುಚ್ಚಿದ ಸಾಲಿಗೆ ಮಾತ್ರ ಕಳೆಯಬೇಕು. ಕೇಳಿದ್ದನ್ನು ಕೇಳಿದಂತೆ, ಕೇಳದಿದ್ದುದನ್ನು ಕೇಳಿಸಲಿಲ್ಲವೆಂದೇ ಬರೆಯಲು ಕಲಿತ ಮಗುವಿನ ಕೈಗೆ ಯಾವ ಯಂತ್ರವನ್ನು ಕೊಟ್ಟರೂ ಭಯವಿಲ್ಲ.